ಎರಡು ದಿನದ ಅಂತರಕ್ಕೆ ಎರಡು ಕಡೆ ದಂಡ

ಸಂಬಳ ಬರುವುದು ಏಳನೇ ತಾರೀಕು, ಸಾಲದ ಕಂತು ಹೋಗುವುದು ಐದನೇ ತಾರೀಕು. ಬೆಂಗಳೂರಿನ ಮೈಸೂರು ರಸ್ತೆಯ ಗಾರ್ಮೆಂಟ್ಸ್‌ಗಳಲ್ಲಿ, ಕಾಮಾಕ್ಷಿಪಾಳ್ಯದ ಲೇತ್ ಶೆಡ್ಡುಗಳಲ್ಲಿ, ವಿಜಯನಗರದ ಅಂಗಡಿಗಳಲ್ಲಿ ದುಡಿಯುವವರಿಗೆ ಬ್ಯಾಂಕಿನ ತಾಪತ್ರಯ ಶುರುವಾಗುವುದೇ ಈ ಎರಡು ದಿನಗಳ ನಡುವೆ. ಮಾಲೀಕರು ತಡ ಮಾಡಿದ್ದಾರೆ ಎನ್ನುವಂತಿಲ್ಲ. 1936ರ ವೇತನ ಪಾವತಿ ಕಾಯ್ದೆ ಸಾವಿರಕ್ಕಿಂತ ಕಡಿಮೆ ಕೆಲಸಗಾರರಿರುವ ಕಡೆ ಏಳನೇ ತಾರೀಕಿನವರೆಗೆ, ಅದಕ್ಕಿಂತ ದೊಡ್ಡ ಕಾರ್ಖಾನೆಗಳಿಗೆ ಹತ್ತನೇ ತಾರೀಕಿನವರೆಗೆ ಅವಕಾಶ ಕೊಟ್ಟಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ವೇತನ ಸಂಹಿತೆಯೂ ತಿಂಗಳ ಸಂಬಳಕ್ಕೆ ಏಳನೇ ತಾರೀಕನ್ನೇ ಗಡುವಾಗಿ ಇಟ್ಟುಕೊಂಡಿದೆ. ಫೈನಾನ್ಸ್ ಕಂಪನಿಯನ್ನು ಕೇಳಿದರೆ, ಐದನೇ ತಾರೀಕು ಎಂದು ಸಾಲದ ಪತ್ರದಲ್ಲೇ ಇದೆಯಲ್ಲ ಎನ್ನುತ್ತದೆ. ಎಲ್ಲರೂ ನಿಯಮದೊಳಗೇ ಇದ್ದಾರೆ. ದಂಡ ಮಾತ್ರ ಹೊಲಿಗೆ ಯಂತ್ರದ ಮುಂದೆ ಕೂತವಳಿಗೆ.

ಕಂತು ತಾನಾಗಿ ಕಟ್ ಆಗುವ ಈ ಏರ್ಪಾಟನ್ನು ಜನ ಇನ್ನೂ ಇಸಿಎಸ್ ಎಂದೇ ಕರೆಯುತ್ತಾರೆ. ಈಗ ಅದು ರಾಷ್ಟ್ರೀಯ ಪಾವತಿ ನಿಗಮ ನಡೆಸುವ ನ್ಯಾಚ್. ಫೈನಾನ್ಸ್ ಕಂಪನಿಯ ಬೇಡಿಕೆ ಬ್ಯಾಂಕಿನ ಕಂಪ್ಯೂಟರಿಗೆ ಬರುತ್ತದೆ, ಖಾತೆಯಲ್ಲಿ ದುಡ್ಡು ಸಾಲದಿದ್ದರೆ ಇಲ್ಲ ಎಂಬ ಉತ್ತರ ಹಿಂದಕ್ಕೆ ಹೋಗುತ್ತದೆ. ಯಾವ ಗುಮಾಸ್ತರೂ ಲೆಡ್ಜರ್ ತೆರೆಯುವುದಿಲ್ಲ. ಆ ಒಂದು ಉತ್ತರಕ್ಕೆ ಹಲವು ಬ್ಯಾಂಕುಗಳ ದರಪಟ್ಟಿಯಲ್ಲಿ 250ರಿಂದ 500 ರೂಪಾಯಿ, ಅದರ ಮೇಲೆ ಶೇ 18 ಜಿಎಸ್‌ಟಿ. ಕಂತು ಬಾರದ್ದಕ್ಕೆ ಫೈನಾನ್ಸ್ ಕಂಪನಿಯದು ಪ್ರತ್ಯೇಕ ಬೌನ್ಸ್ ಚಾರ್ಜು.

ಲೆಕ್ಕ ಹಾಕಿ ನೋಡೋಣ. ಸ್ಕೂಟರಿನ ಕಂತು ತಿಂಗಳಿಗೆ 2,400 ರೂಪಾಯಿ. ಬ್ಯಾಂಕಿನ ಚಾರ್ಜು 250, ತೆರಿಗೆ 45, ಒಟ್ಟು 295. ಫೈನಾನ್ಸಿನವರದು 500 ಎಂದಿಟ್ಟುಕೊಳ್ಳಿ. ಎರಡೂ ಸೇರಿ 795, ಕಂತಿನ ಮೂರನೇ ಒಂದು ಪಾಲು. ಖಾತೆ ಖಾಲಿಯಿದ್ದರೆ ಬ್ಯಾಂಕಿನ ಚಾರ್ಜು ಬಾಕಿ ಉಳಿದು, ಸಂಬಳ ಬಿದ್ದೊಡನೆ ಮೊದಲು ಅದೇ ಕಟ್ ಆಗುತ್ತದೆ. ಸಂಬಳಕ್ಕೆ ಮೊದಲೇ ಕಂಪನಿ ಮತ್ತೊಮ್ಮೆ ಬೇಡಿಕೆ ಕಳಿಸಿದರೆ ಇನ್ನೊಂದು 295. ಈಗ ಅದೇ 2,400 ರೂಪಾಯಿಯನ್ನು ಎರಡು ದಿನಕ್ಕೆ ಓವರ್‌ಡ್ರಾಫ್ಟ್ ಎಂದು ಕೊಟ್ಟು ವರ್ಷಕ್ಕೆ ಶೇ 18ರ ಬಡ್ಡಿ ಹಾಕಿದ್ದರೆ ಆಗುತ್ತಿದ್ದುದು 2 ರೂಪಾಯಿ 37 ಪೈಸೆ.

ಇದು ಬರೀ ಕಾಗದದ ಲೆಕ್ಕವಲ್ಲ. ರಾಜಾಜಿನಗರದ ದೊಡ್ಡ ವ್ಯಾಪಾರಿಯ ಚೆಕ್ಕಿಗೆ ಸ್ವಲ್ಪ ಕೊರತೆ ಬಿದ್ದರೆ ಮ್ಯಾನೇಜರ್ ಒಂದು ಫೋನ್ ಮಾಡಿ, ಟಿಒಡಿ, ಅಂದರೆ ತಾತ್ಕಾಲಿಕ ಓವರ್‌ಡ್ರಾಫ್ಟ್, ಕೊಟ್ಟು ಚೆಕ್ ಪಾಸು ಮಾಡುವುದು ಬ್ಯಾಂಕಿನಲ್ಲಿ ಹಳೆಯ ವಾಡಿಕೆ. ಆತ ಕಟ್ಟುವುದು ನಾಲ್ಕಾರು ದಿನದ ಬಡ್ಡಿ. ಅದೇ ಶಾಖೆಯಲ್ಲಿ ಸಂಬಳದ ಖಾತೆಯಿರುವವಳಿಗೆ ಆ ಫೋನ್ ಬರುವುದಿಲ್ಲ. ಉಳ್ಳವರಿಗೆ ಸಮಯದ ಬೆಲೆ ದಿನದ ಲೆಕ್ಕದಲ್ಲಿ, ಇಲ್ಲದವರಿಗೆ ಇಡಿಗಂಟಿನಲ್ಲಿ. ನಮ್ಮ ತಕರಾರು ಇರುವುದು ಇಲ್ಲಿ.

ಈ ಹಣ ಸೇವೆಯ ಶುಲ್ಕವೋ, ತಪ್ಪಿಗೆ ದಂಡವೋ? ಸೇವೆ ಎಂದಾದರೆ ರಿಸರ್ವ್ ಬ್ಯಾಂಕಿನ ಮಾತು ಸ್ಪಷ್ಟವಿದೆ: ಶುಲ್ಕ ಸಮಂಜಸವಾಗಿರಬೇಕು, ಆ ಸೇವೆಗೆ ತಗಲುವ ಸರಾಸರಿ ವೆಚ್ಚಕ್ಕೆ ತಾಳೆಯಾಗಬೇಕು. ಕಂಪ್ಯೂಟರ್ ಇಲ್ಲ ಎನ್ನುವುದಕ್ಕೆ 250 ರೂಪಾಯಿ ವೆಚ್ಚವಾಗುತ್ತದೆಂದು ಯಾರೂ ನಂಬುವುದಿಲ್ಲ. ದಂಡ ಎಂದಾದರೆ, ಚೆಕ್ ಬೌನ್ಸ್‌ನ ದಂಡ ಯಾವ ಸೇವೆಗೂ ಪ್ರತಿಫಲವಲ್ಲ, ಅದಕ್ಕೆ ಜಿಎಸ್‌ಟಿ ಇಲ್ಲ ಎಂದು ಪರೋಕ್ಷ ತೆರಿಗೆ ಮಂಡಳಿಯೇ 2022ರ ಆಗಸ್ಟ್ 3ರ ಸುತ್ತೋಲೆಯಲ್ಲಿ ಹೇಳಿದೆ. ಆದರೂ 295 ಎಂಬ ಅಂಕಿ ಪಾಸ್‌ಬುಕ್‌ಗಳಲ್ಲಿ ಕಾಣುತ್ತಲೇ ಇದೆ. ದರ ಇಡುವಾಗ ದಂಡ, ತೆರಿಗೆ ಸೇರಿಸುವಾಗ ಸೇವೆ ಎಂದು ಬ್ಯಾಂಕುಗಳು ಎರಡು ದೋಣಿಯ ಮೇಲೆ ಕಾಲಿಟ್ಟು ನಿಂತಿವೆ.

ಕೊರತೆಗೆ ತಕ್ಕಷ್ಟೇ ದಂಡ ಎಂಬ ತತ್ತ್ವ ನಮ್ಮಲ್ಲಿ ಹೊಸದೇನಲ್ಲ. ಮಿನಿಮಮ್ ಬ್ಯಾಲೆನ್ಸ್ ಇಲ್ಲದಿದ್ದರೆ ಹಾಕುವ ದಂಡ ಕೊರತೆಯ ಪ್ರಮಾಣದಲ್ಲಿರಬೇಕು, ಒಂದು ತಿಂಗಳ ಮುಂಚೆ ತಿಳಿಸಬೇಕು, ಆ ದಂಡದಿಂದಲೇ ಖಾತೆ ಸೊನ್ನೆಗಿಂತ ಕೆಳಗೆ ಇಳಿಯಬಾರದು ಎಂದು ರಿಸರ್ವ್ ಬ್ಯಾಂಕ್ 2014ರ ನವೆಂಬರ್‌ನಲ್ಲೇ ಹೇಳಿತು. ಸಾಲದ ಷರತ್ತು ತಪ್ಪಿದಾಗಿನ ದಂಡವೂ ತಪ್ಪಿಗೆ ತಕ್ಕಂತಿರಬೇಕು, ಅದನ್ನು ಅಸಲಿಗೆ ಸೇರಿಸಿ ಬಡ್ಡಿ ಎಳೆಯಬಾರದು ಎಂದು 2023ರ ಆಗಸ್ಟ್ 18ರಂದು ಹೇಳಿತು. ಖಾತೆ ಇರುವ ಬ್ಯಾಂಕು ಕಂತು ವಾಪಸು ಕಳಿಸಿದ್ದಕ್ಕೆ ಹಾಕುವ ಚಾರ್ಜು ಮಾತ್ರ ಹಾಗೇ ಉಳಿದಿದೆ: ನೂರು ರೂಪಾಯಿ ಕಡಿಮೆಯಿದ್ದರೂ ಅಷ್ಟೇ, ಹತ್ತು ಸಾವಿರ ಕಡಿಮೆಯಿದ್ದರೂ ಅಷ್ಟೇ.

ಚಾರ್ಜು ಎಷ್ಟು ದೊಡ್ಡ ಆದಾಯ ಎಂಬುದನ್ನು ಕನ್ನಡಿಗರು ಒಮ್ಮೆ ನೋಡಿದ್ದಾರೆ. 2017ರ ಏಪ್ರಿಲ್ 1ರಂದು ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ವಿಲೀನವಾಯಿತು. 1913ರಿಂದ ಇದ್ದ ಬ್ಯಾಂಕಿನ ಬೋರ್ಡು ಇಳಿದ ಅದೇ ದಿನ, ಸ್ಟೇಟ್ ಬ್ಯಾಂಕು ಕೆಲವು ವರ್ಷಗಳಿಂದ ಕೈಬಿಟ್ಟಿದ್ದ ಮಿನಿಮಮ್ ಬ್ಯಾಲೆನ್ಸ್ ದಂಡವನ್ನು ಮತ್ತೆ ತಂದಿತು. ಮಹಾನಗರದಲ್ಲಿ 5,000 ರೂಪಾಯಿ ಇಡಬೇಕು. ಏಪ್ರಿಲ್‌ನಿಂದ ನವೆಂಬರ್‌ವರೆಗೆ ವಸೂಲಾದದ್ದು 1,771 ಕೋಟಿ, ಜುಲೈ–ಸೆಪ್ಟೆಂಬರ್ ತ್ರೈಮಾಸಿಕದ ಲಾಭವಾದ 1,581 ಕೋಟಿಗಿಂತ ಹೆಚ್ಚು. ಈ ಲೆಕ್ಕ ಹೊರಬಿದ್ದ ಮೇಲೆ ಎದ್ದ ಗದ್ದಲಕ್ಕೆ ದಂಡ ಇಳಿಯಿತು, 2020ರ ಮಾರ್ಚ್‌ನಲ್ಲಿ ರದ್ದೇ ಆಯಿತು. 2025ರ ಜೂನ್ 1ರಿಂದ ನಮ್ಮೂರಿನ ಕೆನರಾ ಬ್ಯಾಂಕೂ ಉಳಿತಾಯ ಖಾತೆಗಳಿಗೆ ಅದನ್ನು ಬಿಟ್ಟಿತು. ಯಾವ ಬ್ಯಾಂಕೂ ಮುಳುಗಲಿಲ್ಲ.

ಹೀಗಿರುವಾಗ ಈಗೇಕೆ ಎಚ್ಚರಿಕೆ? ಸಂಪಾದನೆಯ ಒಂದು ಬಾಗಿಲು ಮುಚ್ಚಿದಾಗ ಇನ್ನೊಂದರ ಮೇಲೆ ಕಣ್ಣು ಬೀಳುವುದು ವ್ಯಾಪಾರದ ಸ್ವಭಾವ. ಅದೇ ಹೊತ್ತಿಗೆ ದುಡ್ಡು ಓಡುವ ವೇಗವೂ ಏರುತ್ತಿದೆ. 2021ರ ಆಗಸ್ಟ್ 1ರಿಂದ ನ್ಯಾಚ್‌ಗೆ ಭಾನುವಾರವಿಲ್ಲ, ಹಬ್ಬವಿಲ್ಲ. 2025ರ ಅಕ್ಟೋಬರ್ 4ರಿಂದ ಬೆಳಿಗ್ಗೆ ಹಾಕಿದ ಚೆಕ್ಕಿನ ಹಣೆಬರಹ ಸಂಜೆಯೊಳಗೆ ತೀರ್ಮಾನವಾಗುತ್ತಿದೆ. ಹಣ ಪಡೆಯುವವರಿಗೆ ಇದು ಒಳ್ಳೆಯದೇ, ಅನುಮಾನವಿಲ್ಲ. ಆದರೆ ಪೀಣ್ಯದ ಕಾರ್ಖಾನೆಯಿಂದ ಬಿಲ್ಲಿನ ದುಡ್ಡು ಬರುತ್ತದೆಂದು ನಂಬಿ ಕಬ್ಬಿಣದಂಗಡಿಗೆ ಚೆಕ್ ಕೊಡುವ ಶೆಡ್ಡಿನ ಮಾಲೀಕನಿಗೆ ಇದ್ದ ಒಂದು ದಿನದ ಬಿಡುವು ಹೋಯಿತು. ಇನ್ನು ಯುಪಿಐ ಮೂಲಕವೇ ಬ್ಯಾಂಕಿನ ಸಾಲದ ಮಿತಿಯನ್ನು ಬಳಸುವ ವ್ಯವಸ್ಥೆಗೆ 2023ರಲ್ಲೇ ಅನುಮತಿ ಸಿಕ್ಕಿದೆ. ಓಡಿ (ಓವರ್‌ಡ್ರಾಫ್ಟ್) ಖಾತೆ ಎಂಬುದು ಕೈಗಾರಿಕೆ ನಡೆಸುವವರ ಮಾತಾಗಿತ್ತು. ಇನ್ನು ಬಸವೇಶ್ವರನಗರದ ದರ್ಶಿನಿಯಲ್ಲಿ ಇಡ್ಲಿ ತಿಂದವನೂ ಓಡಿಯಲ್ಲೇ ಬಿಲ್ ಕೊಟ್ಟಾನು. ಕಾಗದದ ಚೆಕ್ಕಿನ ನಿಧಾನದ ಕಾಲದಲ್ಲಿ ಹುಟ್ಟಿದ ದಂಡದ ಪದ್ಧತಿ ಇಷ್ಟೊಂದು ಸಣ್ಣ, ವೇಗದ ವಹಿವಾಟಿಗೆ ಹಾಗೇ ಅಂಟಿಕೊಂಡರೆ ಬೌನ್ಸ್‌ಗಳ ಸಂಖ್ಯೆ ಏರುವುದು ಖಚಿತ.

ದಂಡವಿಲ್ಲದಿದ್ದರೆ ಜನಕ್ಕೆ ಶಿಸ್ತು ಬರುವುದಿಲ್ಲ ಎಂಬ ವಾದವಿದೆ. ಬೇಕೆಂದೇ ಬರಿದಾದ ಖಾತೆಯ ಚೆಕ್ ಕೊಡುವವರು ಇದ್ದಾರೆ, ನಿಜ. ಅವರಿಗಾಗಿಯೇ 1989ರಿಂದ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಂ ಇದೆ. ಎಲೆಕ್ಟ್ರಾನಿಕ್ ಪಾವತಿಗೆ 2007ರ ಪಾವತಿ ಕಾಯ್ದೆಯ 25ನೇ ಕಲಂ. ಎರಡರಲ್ಲೂ ಎರಡು ವರ್ಷದವರೆಗೆ ಜೈಲು ಉಂಟು. ಬ್ಯಾಂಕಿನ 295 ರೂಪಾಯಿಗೆ ಹೆದರುವವರು ಆ ವಂಚಕರಲ್ಲ. ಇನ್ನೂ ವಿಚಿತ್ರವೆಂದರೆ, ಬೇರೆಯವರು ಕೊಟ್ಟ ಚೆಕ್ಕನ್ನು ನಂಬಿ ಖಾತೆಗೆ ಹಾಕಿ, ಅದು ಬೌನ್ಸ್ ಆದರೆ ಮೋಸಹೋದವರಿಂದಲೂ ಬ್ಯಾಂಕುಗಳು ಚಾರ್ಜು ಕೀಳುತ್ತವೆ. ಗ್ರಾಹಕರ ತಪ್ಪಿದ್ದರೆ ಮಾತ್ರ ಚೆಕ್ ವಾಪಸಾತಿ ಶುಲ್ಕ ಎಂದು ರಿಸರ್ವ್ ಬ್ಯಾಂಕ್ 2012ರಲ್ಲೇ ಹೇಳಿತ್ತಲ್ಲ, ಇಲ್ಲಿ ಅವರ ತಪ್ಪೇನು?

ಬ್ರಿಟನ್ನಿನಲ್ಲೂ ಈ ಜಗಳ ಬಹಳ ಕಾಲ ನಡೆಯಿತು. 2009ರ ನವೆಂಬರ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಬ್ಯಾಂಕುಗಳ ಪರ ತೀರ್ಪು ಕೊಟ್ಟಿತು. ಆದರೆ ನಿಯಂತ್ರಕರು ಸುಮ್ಮನಾಗಲಿಲ್ಲ. 2020ರ ಏಪ್ರಿಲ್‌ನಿಂದ ಓವರ್‌ಡ್ರಾಫ್ಟ್‌ಗೆ ಇಡಿಗಂಟಿನ ಶುಲ್ಕವನ್ನೇ ನಿಷೇಧಿಸಿ, ವರ್ಷದ ಬಡ್ಡಿಯ ಲೆಕ್ಕದಲ್ಲಿ ಒಂದೇ ದರ ಹೇಳಬೇಕೆಂದರು. ಕೋರ್ಟಿನಲ್ಲಿ ಸೋತ ವಾದ ನಿಯಮದಲ್ಲಿ ಗೆದ್ದಿತು.

ನಮ್ಮಲ್ಲಿ ಕಾರ್ಡು, ಯುಪಿಐ ಆಟೊಪೇಗಳಿಗೆ ಹಣ ಕಟ್ ಆಗುವ 24 ಗಂಟೆ ಮೊದಲು ಸಂದೇಶ ಕಳಿಸಬೇಕು. ಸಿನಿಮಾ ನೋಡುವ ಚಂದಾಕ್ಕೆ ಸಿಗುವ ಈ ಮುನ್ಸೂಚನೆ ಸ್ಕೂಟರಿನ ಕಂತಿಗೂ ಸಿಗಲಿ. ಮೊದಲ ಬೇಡಿಕೆ ವಿಫಲವಾದರೆ ಅದೇ ದಿನ ಸಂಜೆಯವರೆಗೆ ದುಡ್ಡು ತುಂಬಲು ಸಮಯ ಕೊಡಲಿ. ಒಂದು ಕಂತಿಗೆ ಎಷ್ಟು ಬಾರಿ ಬೇಡಿಕೆ ಬಂದರೂ ಚಾರ್ಜು ಒಂದೇ ಸಲ, ಅದೂ ಕೊರತೆಯ ಪ್ರಮಾಣಕ್ಕೆ ತಕ್ಕಷ್ಟು. ಬೌನ್ಸ್ ಚಾರ್ಜಿನಿಂದ ಬಂದ ಆದಾಯವನ್ನು ಪ್ರತಿ ಬ್ಯಾಂಕೂ ಪ್ರತ್ಯೇಕ ಸಾಲಿನಲ್ಲಿ ಪ್ರಕಟಿಸಲಿ. ಎಲ್ಲಕ್ಕಿಂತ ಮೊದಲು, ಸಂಬಳದ ಗಡುವಿನ ನಂತರದ ತಾರೀಕನ್ನು ಕಂತಿಗೆ ಆರಿಸಿಕೊಳ್ಳುವ, ಕೆಲಸ ಬದಲಾದಾಗ ಅದನ್ನು ಉಚಿತವಾಗಿ ಬದಲಿಸಿಕೊಳ್ಳುವ ಹಕ್ಕು ಸಾಲಗಾರರಿಗೆ ಬೇಕು. ಇದಕ್ಕೆ ದೆಹಲಿ, ಮುಂಬೈಗಳ ದಾರಿ ಕಾಯಬೇಕಿಲ್ಲ. ಕರ್ನಾಟಕದ ರಾಜ್ಯಮಟ್ಟದ ಬ್ಯಾಂಕರುಗಳ ಸಮಿತಿಗೆ ಕೆನರಾ ಬ್ಯಾಂಕೇ ಸಂಚಾಲಕ. ಮುಂದಿನ ಸಭೆಯ ಕಾರ್ಯಸೂಚಿಗೆ ಇದನ್ನು ಸೇರಿಸಲು ಕಾರ್ಮಿಕ ಇಲಾಖೆಯ ಒಂದು ಪತ್ರ ಸಾಕು.

ಅಲ್ಲಿಯವರೆಗೆ ಕೆಂಗೇರಿಯವರಾಗಲಿ ವಿಜಯನಗರದವರಾಗಲಿ ಕಂತಿನ ತಾರೀಕು ಬದಲಿಸಿಕೊಡಿ ಎಂದು ಫೈನಾನ್ಸ್ ಕಂಪನಿಗೆ ಬರವಣಿಗೆಯಲ್ಲೇ ಕೇಳಿ, ಪ್ರತಿ ಇಟ್ಟುಕೊಳ್ಳಿ. ಒಂದೇ ಕಂತಿಗೆ ಎರಡು ಬಾರಿ ಚಾರ್ಜು ಬಿದ್ದಿದ್ದರೆ ಶಾಖೆಗೆ ಲಿಖಿತ ದೂರು ಕೊಡಿ. 30 ದಿನದಲ್ಲಿ ಉತ್ತರ ಬಾರದಿದ್ದರೆ, ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಬಿಳಿಹಾಳೆಯಲ್ಲೂ ದೂರು ಬರೆಯಬಹುದು, ಅದಕ್ಕೆ ಶುಲ್ಕವಿಲ್ಲ. ಸಹಾಯವಾಣಿ 14448.