ಕನ್ಸೋಲಿನ ವೇಷ ತೊಟ್ಟ ಮೊಬೈಲು

ನಮ್ಮ ಕಾಲೇಜಿನ ಚರ್ಚಾಕೂಟಕ್ಕೆ ಈ ಸಲ ವಿದ್ಯಾರ್ಥಿಗಳೇ ಆರಿಸಿಕೊಂಡ ವಿಷಯವು ನನ್ನಂಥ ಕನ್ನಡದ ಅಧ್ಯಾಪಕನಿಗೆ ತುಸು ದೂರದ್ದು. ಮೊಬೈಲು ಫೋನಿನ ಯಂತ್ರಾಂಗಗಳಿಂದಲೇ ಕಟ್ಟಿದ ಅಗ್ಗದ ಆಟದ ಪೆಟ್ಟಿಗೆಯೊಂದು, ದಶಕಗಳಿಂದ ಬೇರೂರಿರುವ ಸೋನಿ, ನಿಂಟೆಂಡೊ, ಮೈಕ್ರೋಸಾಫ್ಟ್ ಕಂಪನಿಗಳ ಕನ್ಸೋಲುಗಳೆದುರು ನಿಲ್ಲಬಲ್ಲುದೆ ಎಂಬುದು ಪ್ರಶ್ನೆ. ವಾದ ಬಿಸಿಯೇರಿತು. ತೀರ್ಪು ಹೇಳಬೇಕಾದವನು ನಾನು. ಅಂದು ಕಾಲದ ಅಭಾವದಿಂದ ಹೇಳದೆ ಉಳಿದುದನ್ನು ಇಲ್ಲಿ ಬರೆಯುತ್ತಿದ್ದೇನೆ. ಗುಂಡ್ಲುಪೇಟೆಯಂಥ ಊರಿಗೆ ಇದು ಹೊತ್ತುಹೋಗದವರ ಹರಟೆಯೆಂದು ವಾಚಕರು ಭಾವಿಸಬಾರದು. ಚೆಂಡುಹೂವಿನ ಹಣ ಕೈಸೇರಿದ ಮನೆಗಳಲ್ಲಿ ಮಕ್ಕಳು ಬೇಡುವ ವಸ್ತುಗಳ ಪಟ್ಟಿಗೆ ಈ ಪೆಟ್ಟಿಗೆಯೂ ಸೇರಿದೆ. ಯಾವುದನ್ನು ಕೊಂಡರೆ ಹಣ ನೀರುಪಾಲಾಗದು ಎಂಬುದು ತಂದೆತಾಯಿಗಳ ನಿಜವಾದ ಚಿಂತೆ.

ಕನ್ಸೋಲ್ ಎಂದರೆ ಆಟಕ್ಕೆಂದೇ ನಿರ್ಮಿಸಿದ ಗಣಕಯಂತ್ರ. ಟಿ.ವಿ.ಗೆ ಜೋಡಿಸಿ, ಗುಂಡಿಗಳಿರುವ ಹಿಡಿಯನ್ನು ಕೈಯಲ್ಲಿ ಹಿಡಿದು ಆಡುವುದು ವಾಡಿಕೆ. ಈ ಕೋಟೆಗೆ ಮೊಬೈಲಿನ ದಾರಿಯಿಂದ ಲಗ್ಗೆ ಹಾಕಿದವರು ಹಲವರು. 2003ರಲ್ಲಿ ನೋಕಿಯಾ ಕಂಪನಿ ‘ಎನ್-ಗೇಜ್’ ಎಂಬ ಫೋನನ್ನು ತಂದಿತು. ಆಟದ ಕಾರ್ಡು ಬದಲಿಸಬೇಕಾದರೆ ಬ್ಯಾಟರಿಯನ್ನೇ ಕಳಚಬೇಕು. ಮಾತನಾಡಬೇಕಾದರೆ ಫೋನನ್ನು ಅಂಚಿನ ಮೇಲೆ ನಿಲ್ಲಿಸಿ ಕಿವಿಗೆ ಒತ್ತಬೇಕು. ಅದು ಅತ್ತ ಫೋನೂ ಆಗದೆ, ಇತ್ತ ಕನ್ಸೋಲೂ ಆಗದೆ ನಗೆಪಾಟಲಿಗೆ ಈಡಾಯಿತು. 2009ರಲ್ಲಿ ಬ್ರೆಜಿಲ್ ದೇಶದಲ್ಲಿ ‘ಜೀಬೋ’ ಹುಟ್ಟಿತು. ಫೋನಿನ ಚಿಪ್ಪಿನಿಂದ ನಡೆಯುವ ಈ ಪೆಟ್ಟಿಗೆಗೆ ಆಟಗಳು ಮೊಬೈಲು ಜಾಲದ ಮೂಲಕವೇ ಇಳಿದು ಬರುತ್ತಿದ್ದವು. ದೊಡ್ಡ ಕನ್ಸೋಲುಗಳ ಬೆಲೆ ಎಟುಕದ ದೇಶಗಳಿಗಾಗಿ ಹೂಡಿದ ಉಪಾಯವದು. 2011ರ ಹೊತ್ತಿಗೆ ಅಂಗಡಿ ಎತ್ತಿತು.

ಆದರೆ ಎಲ್ಲಕ್ಕಿಂತ ಬೋಧಪ್ರದವಾದುದು ‘ಊಯಾ’ದ ಕಥೆ. ಅಮೆರಿಕದಲ್ಲಿ ಜೂಲಿ ಉರ್ಮನ್ ಎಂಬಾಕೆ 2012ರ ಜುಲೈ ತಿಂಗಳಲ್ಲಿ, ಆಂಡ್ರಾಯ್ಡ್ ಆಧಾರದ, 99 ಡಾಲರ್ ಬೆಲೆಯ ಕನ್ಸೋಲನ್ನು ಮಾಡುವೆನೆಂದು ಸಾರಿ, ಸಾರ್ವಜನಿಕರಲ್ಲಿ ಒಂಬತ್ತೂವರೆ ಲಕ್ಷ ಡಾಲರುಗಳ ಸಹಾಯ ಬೇಡಿದರು. ಬಂದುದು 85 ಲಕ್ಷಕ್ಕೂ ಮಿಗಿಲು. ಕೊಟ್ಟವರು 63 ಸಾವಿರಕ್ಕೂ ಹೆಚ್ಚು ಮಂದಿ. ಯಾರು ಬೇಕಾದರೂ ಆಟ ರಚಿಸಿ ಮಾರಬಹುದು, ಪ್ರತಿಯೊಂದು ಆಟದ ಒಂದಂಶವಾದರೂ ಉಚಿತವಾಗಿರಬೇಕು ಎಂಬುದು ಅದರ ಘೋಷಣೆ. ಕಿವಿಗೆ ಇಂಪಾದ ಮಾತು. 2013ರ ಜೂನ್ 25ರಂದು ಪೆಟ್ಟಿಗೆಗಳು ಅಂಗಡಿಗೆ ಬಂದವು. ಕೊಂಡವರು ಉಚಿತವಾದಷ್ಟನ್ನು ಆಡಿದರು, ಹಣ ತೆರುವ ಘಟ್ಟ ಬಂದಾಗ ಹಿಂದೆಗೆದರು. ತೆರುವುದಾದರೂ ಏಕೆ? ಅಲ್ಲಿದ್ದ ಆಟಗಳಲ್ಲಿ ಅನೇಕವು ಅವರ ಜೇಬಿನ ಫೋನಿನಲ್ಲಿಯೂ ಇದ್ದವು. 2015ರಲ್ಲಿ ಸಂಸ್ಥೆಯು ರೇಜರ್ ಕಂಪನಿಯ ಪಾಲಾಯಿತು. 2019ರ ಜೂನ್ 25ರಂದು, ಹುಟ್ಟಿದ ಆರು ವರ್ಷಕ್ಕೆ ಸರಿಯಾಗಿ, ಅದರ ಆಟದ ಭಂಡಾರಕ್ಕೆ ಬೀಗ ಬಿತ್ತು.

ಸೋಲಿಗೆ ಚಿಪ್ಪಿನ ದೌರ್ಬಲ್ಯವೇ ಕಾರಣವೆಂದು ನಮ್ಮ ಚರ್ಚಾಪಟುಗಳು ವಾದಿಸಿದರು. ಅರ್ಧ ಸತ್ಯ. ಭಾರವಾದ ಆಟದ ನಡುವೆ ಪ್ಲೇಸ್ಟೇಷನ್ 5 ಸುಮಾರು 200 ವ್ಯಾಟ್ ವಿದ್ಯುತ್ತನ್ನು ಉಣ್ಣುತ್ತದೆ, ಬಿಸಿಯನ್ನು ಹೊರದೂಡಲು ಅದರೊಳಗೆ ದೊಡ್ಡ ಫ್ಯಾನಿದೆ. ಫೋನಿಗೆ ದಕ್ಕುವುದು ಕೆಲವೇ ವ್ಯಾಟು. ಬಹುಪಾಲು ಫೋನುಗಳಲ್ಲಿ ಫ್ಯಾನೂ ಇಲ್ಲ. ಬಿಸಿಯೇರಿದೊಡನೆ ತನ್ನ ವೇಗವನ್ನು ತಾನೇ ಕುಗ್ಗಿಸಿಕೊಳ್ಳುತ್ತದೆ. ಸಾಲದುದಕ್ಕೆ ಆಡುವವನ ಹೆಬ್ಬೆರಳೇ ಪರದೆಯ ಕಾಲುಭಾಗವನ್ನು ಮರೆಮಾಡುತ್ತದೆ. ಇದೆಲ್ಲ ಸರಿಯಷ್ಟೆ. ಆದರೆ ಮೊಬೈಲು ವರ್ಗದ ಚಿಪ್ಪೇ ಗೆದ್ದ ಉದಾಹರಣೆಯೂ ಉಂಟು. ಎನ್‌ವಿಡಿಯಾ ಕಂಪನಿಯ ಟೆಗ್ರಾ ಎಕ್ಸ್1 ಎಂಬ ಚಿಪ್ಪು 2015ರಲ್ಲಿ ಅದೇ ಕಂಪನಿಯ ‘ಶೀಲ್ಡ್’ ಎಂಬ ಆಂಡ್ರಾಯ್ಡ್ ಪೆಟ್ಟಿಗೆಯಲ್ಲಿತ್ತು. ಆ ಪೆಟ್ಟಿಗೆಯ ಹೆಸರನ್ನು ನಮ್ಮ ಊರಿನಲ್ಲಿ ಯಾರೂ ಕೇಳಿದಂತಿಲ್ಲ. 2017ರ ಮಾರ್ಚ್ 3ರಂದು ಅದೇ ಚಿಪ್ಪನ್ನಿಟ್ಟು ನಿಂಟೆಂಡೊ ತನ್ನ ‘ಸ್ವಿಚ್’ ಹೊರತಂದಿತು. ಅದು ಇಲ್ಲಿಯವರೆಗೆ 15 ಕೋಟಿಗೂ ಮಿಗಿಲಾಗಿ ಮಾರಾಟವಾಗಿದೆ. ಬೀಜ ಒಂದೇ, ಹೊಲ ಬೇರೆ. ಮೊದಲ ದಿನವೇ ಜೆಲ್ಡಾ ಮಾಲೆಯ ‘ಬ್ರೆತ್ ಆಫ್ ದ ವೈಲ್ಡ್’ ಎಂಬ ಆಟ ಸ್ವಿಚ್ಚಿನೊಡನೆ ಬಂದಿತ್ತು. ಯಾವ ಫೋನಿನಲ್ಲಿಯೂ ಸಿಕ್ಕದ ಕೃತಿ. ಜನರು ಕೊಳ್ಳುವುದು ಆಟವನ್ನು. ಪೆಟ್ಟಿಗೆಯು ಆಟದೊಡನೆ ಮನೆಗೆ ಬರುತ್ತದೆ.

ವ್ಯಾಪಾರದ ಗುಟ್ಟೂ ಇದೇ. ದೊಡ್ಡ ಕಂಪನಿಗಳು ಯಂತ್ರವನ್ನು ಅತ್ಯಲ್ಪ ಲಾಭಕ್ಕೆ, ಕೆಲವೊಮ್ಮೆ ನಷ್ಟಕ್ಕೇ ಮಾರಿ, ಮುಂದೆ ಮಾರಾಟವಾಗುವ ಪ್ರತಿಯೊಂದು ಆಟದಿಂದ ತಮ್ಮ ಪಾಲನ್ನು ಪಡೆಯುತ್ತವೆ. ಆಟ ರಚಿಸುವವರು ಬರಬೇಕಾದರೆ ಕೊಳ್ಳುವವರಿರಬೇಕು, ಕೊಳ್ಳುವವರು ಬರಬೇಕಾದರೆ ಆಟಗಳಿರಬೇಕು. ಹೊಸಬನಿಗೆ ಈ ಸುಳಿಯನ್ನು ದಾಟುವುದೇ ಕಷ್ಟ. ನೂರಾರು ಜನ ವರ್ಷಗಟ್ಟಲೆ ದುಡಿದರಲ್ಲವೆ ಇಂಥ ಒಂದು ಆಟ ಸಿದ್ಧವಾಗುವುದು? ಆ ದುಡಿಮೆಯಲ್ಲಿ ನಮ್ಮ ಕರ್ನಾಟಕದ ಪಾಲೂ ಉಂಟು. 1997ರಲ್ಲಿ ರಾಜೇಶ್ ರಾವ್ ಅವರು ಬೆಂಗಳೂರಿನಲ್ಲಿ ಆರಂಭಿಸಿದ ‘ಧ್ರುವ ಇಂಟರಾಕ್ಟಿವ್’ ಸಂಸ್ಥೆಯ ಕಲಾವಿದರು ‘ಫೋರ್ಜಾ’ದಂಥ ಹೆಸರಾಂತ ಕನ್ಸೋಲು ಆಟಗಳಿಗೆ ಚಿತ್ರರಚನೆ ಮಾಡಿಕೊಟ್ಟವರು. 2019ರಲ್ಲಿ ಆ ಸಂಸ್ಥೆಯನ್ನು ರಾಕ್‌ಸ್ಟಾರ್ ಕಂಪನಿ ಕೊಂಡುಕೊಂಡಿತು. ಕನ್ಸೋಲಿನ ಆಟವನ್ನು ಕಟ್ಟುವ ಕೈಗಳು ಬೆಂಗಳೂರಿನಲ್ಲಿವೆ, ಅದನ್ನು ಆಡುವ ಕೈಗಳು ಗುಂಡ್ಲುಪೇಟೆಯಲ್ಲಿ ವಿರಳ, ವಿಚಿತ್ರವೆನ್ನದೆ ವಿಧಿಯಿಲ್ಲ.

ಹಾಗೆಂದು ಸರಳವಾದುದನ್ನು ಹಳಿಯಲು ನನಗೆ ಮನಸ್ಸಿಲ್ಲ. ನಮ್ಮ ಚಾಮರಾಜನಗರಕ್ಕೆ ತಮ್ಮ ತಂದೆಯ ಹೆಸರನ್ನಿಟ್ಟ ಮುಮ್ಮಡಿ ಕೃಷ್ಣರಾಜ ಒಡೆಯರು ಆಟಗಳ ವಿಷಯದಲ್ಲಿ ಮಹಾರಸಿಕರು. ಅವರು ರೂಪಿಸಿದ ಗಂಜೀಫಾ ಆಟಗಳಲ್ಲೊಂದಕ್ಕೆ 18 ಬಣಗಳು, 360 ಎಲೆಗಳು! ಇಂದು ಅದನ್ನು ಆಡಬಲ್ಲವರನ್ನು ಹುಡುಕಬೇಕು. ಹಳೆಯ ಗುಡಿಗಳ ಕಲ್ಲುಹಾಸಿನ ಮೇಲೆ ಗೆರೆ ಕೊರೆದು, ಹುಣಿಸೆಬೀಜವಿಟ್ಟು ಆಡುವ ಚೌಕಾಬಾರವಾದರೋ ಇನ್ನೂ ಜೀವಂತವಾಗಿದೆ. ಕೈಗೆಟುಕಿದ ಆಟವೇ ಬಾಳುವುದೂ ಉಂಟು.

ಆ ದೃಷ್ಟಿಯಿಂದ ನೋಡಿದರೆ ನಮ್ಮ ಸೀಮೆಯಲ್ಲಿ ಮೊಬೈಲು ಎಂದೋ ಗೆದ್ದಿದೆ. ಗೆದ್ದುದು ಕನ್ಸೋಲಿನ ವೇಷ ಹಾಕಿಯಲ್ಲ, ತನ್ನ ನಿಜರೂಪದಲ್ಲಿಯೇ. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದ ಮೇಲೆ ಅಂತರಜಾಲ ಅಗ್ಗವಾಯಿತು, ಹಳ್ಳಿಯ ಜಗಲಿಗಳಲ್ಲಿಯೂ ಹುಡುಗರು ಗುಂಪುಗೂಡಿ ಆಡತೊಡಗಿದರು. 2021ರ ಫೆಬ್ರವರಿಯಲ್ಲಿ ಪ್ಲೇಸ್ಟೇಷನ್ 5 ಭಾರತಕ್ಕೆ ಬಂದಾಗ ಅದರ ಬೆಲೆ 49,990 ರೂಪಾಯಿ, ಟಿ.ವಿ. ಬೇರೆ, ಆಟಗಳ ಬೆಲೆ ಬೇರೆ. ಇನ್ನೊಂದು ಲೆಕ್ಕವನ್ನು ಯಾರೂ ಹಾಕುವುದಿಲ್ಲ. ದೊಡ್ಡ ಆಟವೊಂದರ ಗಾತ್ರ 90 ಜಿಬಿ ಎಂದಿಟ್ಟುಕೊಳ್ಳಿ. ದಿನಕ್ಕೆ ಒಂದೂವರೆ ಜಿಬಿ ಕೊಡುವ ಮೊಬೈಲು ರೀಚಾರ್ಜಿನಲ್ಲಿ ಅದನ್ನು ಇಳಿಸಿಕೊಳ್ಳಲು ಪೂರ್ತಿ ಎರಡು ತಿಂಗಳು ಬೇಕು!

ಇತ್ತೀಚೆಗೆ ಹೂವಿನ ಬೇಸಾಯಗಾರರೊಬ್ಬರು ದಾರಿಯಲ್ಲಿ ನನ್ನನ್ನು ತಡೆದು ಕೇಳಿದರು: “ಹತ್ ಸಾವ್ರ ಆಟ ಅವಂತೆ ಮೇಷ್ಟ್ರೇ, ಮಗನಿಗೆ ತಕ್ಕೊಡ್ಲಾ?” ಎರಡು ಮೂರು ಸಾವಿರ ರೂಪಾಯಿಗೆ ಮಾರುವ, ಟಿ.ವಿ.ಗೆ ಚುಚ್ಚುವ ಕಡ್ಡಿಯಂಥ ಸಾಧನದ ಮಾತದು. ಬೇಡವೆಂದೆ. ಅದರಲ್ಲಿರುವುದು ಮೂವತ್ತು ನಲವತ್ತು ವರ್ಷದ ಹಿಂದಿನ ಆಟಗಳ ನಕಲು, ಬಹುಮಟ್ಟಿಗೆ ಒಡೆಯರ ಅನುಮತಿಯಿಲ್ಲದೆ ತುಂಬಿಸಿದ್ದು. ಹುಡುಗ ನಾಲ್ಕು ದಿನ ಆಡಿ ಮೂಲೆಗೆಸೆಯುತ್ತಾನೆ. ಇರುವ ಫೋನಿಗೇ ಬ್ಲೂಟೂತ್ ಹಿಡಿಯೊಂದನ್ನು ಜೋಡಿಸಿದರೆ, ಹಿಡಿಗೆ ಒಗ್ಗುವ ಆಟಗಳ ಮಟ್ಟಿಗಾದರೂ, ಅದಕ್ಕಿಂತ ಹೆಚ್ಚಿನ ಸುಖ ದೊರೆತೀತು. ದೊಡ್ಡ ಕನ್ಸೋಲನ್ನೇ ಕೊಳ್ಳುವ ಶಕ್ತಿಯುಳ್ಳವರು ತಟ್ಟೆ ಹಾಕುವ ಮಾದರಿಯನ್ನು ಕೊಳ್ಳುವುದು ಮೇಲು. ಆಡಿ ಮುಗಿದ ತಟ್ಟೆಯನ್ನು ಗೆಳೆಯನಿಗೆ ಕೊಡಬಹುದು, ಮಾರಲೂಬಹುದು. ಜಾಲದ ಆಟಕ್ಕೆ ಆ ಭರವಸೆಯಿಲ್ಲ. 2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ ಪಬ್‌ಜಿ ಮೊಬೈಲ್ ಆಟವನ್ನು ನಿಷೇಧಿಸಿತು; ಹುಡುಗರು ಹಣ ಕೊಟ್ಟು ಕೂಡಿಟ್ಟ ವೇಷಭೂಷಣಗಳೆಲ್ಲ ಕೈಗೆ ಸಿಕ್ಕದಾದವು. ಮರುವರ್ಷದ ಜುಲೈನಲ್ಲಿ ಅದು ಬೇರೆ ಹೆಸರಿನಿಂದ ಮರಳಿತೆಂಬುದು ಬೇರೆ ಮಾತು.

ವೇಷಭೂಷಣವೆಂದೆನಲ್ಲ, ಫೋನಿನ ಆಟಗಳ ನಿಜವಾದ ಬೆಲೆ ಅಡಗಿರುವುದು ಅಲ್ಲಿಯೇ. ಆಟವೇನೋ ಉಚಿತ, ಆಟಗಾರನ ಅಂಗಿಗೆ, ಬಂದೂಕಿನ ಬಣ್ಣಕ್ಕೆ ಕಾಸು. ಐವತ್ತು ನೂರು ರೂಪಾಯಿಗಳಾಗಿ ಸೋರಿಹೋಗುವ ಹಣ ವರ್ಷದ ಕೊನೆಗೆ ಎಷ್ಟಾಯಿತೆಂದು ಮನೆಯಲ್ಲಿ ಯಾರೂ ಬರೆದಿಡುವುದಿಲ್ಲ. ಮಕ್ಕಳ ಕೈಗೆ ಫೋನು ಕೊಡುವ ಮುನ್ನ ಪ್ಲೇಸ್ಟೋರಿನಲ್ಲಿ ಖರೀದಿಗೆ ಗುಪ್ತಪದ ಕೇಳುವಂತೆ ಮಾಡಿಡುವ ಸೌಕರ್ಯವುಂಟು. ಎರಡು ನಿಮಿಷದ ಕೆಲಸ. ಯು.ಪಿ.ಐ. ಸಂಖ್ಯೆಯನ್ನೂ ಹಾಗೆಯೇ ಗೋಪ್ಯವಾಗಿಡಬೇಕು. ಮಗನ ಹುಟ್ಟಿದ ವರ್ಷವನ್ನೇ ಆ ಸಂಖ್ಯೆಯಾಗಿಟ್ಟಿರುವ ತಂದೆಯರು ನಮ್ಮ ಊರಿನಲ್ಲಿ ಬಹಳ ಮಂದಿ. ಆ ಗುಟ್ಟು ಮಗನಿಗೆ ಮೊದಲೇ ತಿಳಿದಿರುತ್ತದೆ.