ಥ್ರಾಟಲ್ ತಳ್ಳಿದ ತಕ್ಷಣ ತಿರುಗುತ್ತೆ... ಅದೇ ತಾನೆ ತೊಂದರೆ!

ಪೈಲಟ್ ತರಬೇತಿಗೆ ಸೇರಿರೋ ನಮ್ಮಕ್ಕನ ಮಗ ಮೊನ್ನೆ ಮನೆಗೆ ಬಂದಿದ್ದ. "ಮಾವ, ಜೆಟ್ ಎಂಜಿನ್ ಸೋಮಾರಿ. ನಮ್ಮ ಸೆಸ್ನಾ ಹಾಗಲ್ಲ, ಥ್ರಾಟಲ್ ತಳ್ಳಿದ್ರೆ ಪ್ರೊಪೆಲ್ಲರ್ ತಕ್ಷಣ ಮಾತು ಕೇಳುತ್ತೆ. ಕೊನೇ ಗಳಿಗೇಲೂ ಬಚಾವಾಗಬಹುದು" ಅಂದ. ಮುಕ್ಕಾಲು ಪಾಲು ನಿಜ. ಉಳಿದ ಕಾಲು ಪಾಲಿನ ಬಗ್ಗೆ ನನ್ನ ತಕರಾರಿದೆ.

ನಿಜ ಏನಪ್ಪಾ ಅಂದ್ರೆ, ಸೆಸ್ನಾ 172ರಲ್ಲಿ ಪ್ರೊಪೆಲ್ಲರನ್ನ ನೇರವಾಗಿ ಕ್ರ್ಯಾಂಕ್‌ಶಾಫ್ಟಿಗೇ ಬೋಲ್ಟ್ ಹಾಕಿ ಕೂರಿಸಿರ್ತಾರೆ. ಮಧ್ಯೆ ಕ್ಲಚ್ಚೂ ಇಲ್ಲ, ಗೇರೂ ಇಲ್ಲ. ಹಾರುವಾಗ ಥ್ರಾಟಲ್ ಪೂರ್ತಿ ಎಳೆದರೂ ಎದುರುಗಾಳಿ ಅದನ್ನ ತಿರುಗಿಸ್ತಾನೇ ಇರುತ್ತೆ. ಮತ್ತೆ ತಳ್ಳಿದ್ರೆ ಒಂದೆರಡು ಸೆಕೆಂಡಲ್ಲಿ ಬಲ ಹಾಜರ್. ಜೆಟ್ಟಲ್ಲಾದರೆ ಒಳಗಿನ ಚಕ್ರಗಳೆಲ್ಲ ಮೊದಲು ವೇಗ ಹಿಡೀಬೇಕು. ದೊಡ್ಡ ಪ್ರಯಾಣಿಕ ವಿಮಾನಗಳ ನಿಯಮದಲ್ಲಿ ಇದಕ್ಕೆ 8 ಸೆಕೆಂಡಿನ ಲೆಕ್ಕವೇ ಇದೆ. ಬೆಂಗಳೂರಿನವರಿಗೆ 1990ರ ಫೆಬ್ರವರಿ 14 ನೆನಪಿರಬೇಕು. ಇಂಡಿಯನ್ ಏರ್‌ಲೈನ್ಸ್‌ನ ಎ320 ಎಂಜಿನ್‌ಗಳು ಐಡಲ್‌ನಲ್ಲಿದ್ದಂತೆಯೇ ಇಳೀತಾ ಬಂತು. ಥ್ರಾಟಲ್ ತಳ್ಳಿದಾಗ ಉಳಿದಿದ್ದದ್ದು ಕೆಲವೇ ಸೆಕೆಂಡು. ರನ್‌ವೇಗೆ ಮುಂಚೆಯೇ ಗಾಲ್ಫ್ ಮೈದಾನದಲ್ಲಿ ನೆಲಕ್ಕೆ ತಾಗಿತು, 92 ಜನ ತೀರಿಕೊಂಡರು.

ಹಾಗಂತ ಪ್ರೊಪೆಲ್ಲರಿನ ಚುರುಕುತನವನ್ನೇ ನಂಬಿ ಕೂರಬಹುದಾ? ಪ್ರೊಪೆಲ್ಲರ್ ಚುರುಕಾದ್ರೆ ವಿಮಾನ ಚುರುಕಾದ ಹಾಗಲ್ಲ ಸ್ವಾಮಿ. ಕಳಕೊಂಡ ವೇಗ ವಾಪಸ್ ಬರೋಕೆ ಅದರದೇ ಸಮಯ ಬೇಕು. 172ಎಸ್‌ನಲ್ಲಿ ನಿಂತಲ್ಲೇ ಪೂರ್ತಿ ತಳ್ಳಿದ್ರೂ ಮುಳ್ಳು 2300-2400ರ ಹತ್ತಿರ ನಿಲ್ಲುತ್ತೆ. 2700 ಕಾಣಬೇಕಾದ್ರೆ ವಿಮಾನ ವೇಗ ಹಿಡೀಬೇಕು. (ಕಾನ್‌ಸ್ಟಂಟ್ ಸ್ಪೀಡ್ ಪ್ರೊಪೆಲ್ಲರ್ ಕಥೆ ಬೇರೆ... ಹಾರ್ತಾ ಇರುವಾಗ ಥ್ರಾಟಲ್ ತಳ್ಳಿದ್ರೂ ಸುತ್ತು ಹೆಚ್ಚಲ್ಲ, ಅಲಗಿನ ಓರೆ ಬದಲಾಗುತ್ತೆ. ಅದು ಇನ್ನೊಂದು ಸಲ.)

ನನ್ನ ಭಯ ಇನ್ನೊಂದು. ಇಳಿಯೋಕೆ ಬಂದು, ಬೇಡ ಅಂತ ಮತ್ತೆ ಮೇಲೇರೋ ಹೊತ್ತು. ಫ್ಲಾಪ್ ಪೂರ್ತಿ ಇಳಿದಿದೆ, ಟ್ರಿಮ್ ನಿಧಾನ ಹಾರಾಟಕ್ಕೆ ಹೊಂದಿಸಿದೆ, ವೇಗ ಕಮ್ಮಿ. ಗಾಬರೀಲಿ ಥ್ರಾಟಲ್ ರಪ್ಪಂತ ತಳ್ಳಿದ್ರೆ ಪ್ರೊಪೆಲ್ಲರ್ ಗಾಳಿ ಬಾಲಕ್ಕೆ ಬಡಿದು ಮೂತಿ ಮೇಲಕ್ಕೇಳುತ್ತೆ, ಜೊತೆಗೇ ಎಡಕ್ಕೆ ಎಳೆಯುತ್ತೆ. ಬಲಗಾಲಿನ ರಡ್ಡರ್ ತಡವಾದ್ರೆ, ಮೂತಿ ಒತ್ತಿ ಹಿಡೀದೇ ಹೋದ್ರೆ, ಅಷ್ಟು ಕೆಳಗೆ ಸ್ಟಾಲ್! ಜೆಟ್ಟು ತಡವಾಗಿ ಕೊಟ್ಟು ಕೊಲ್ಲಬಹುದು, ಇದು ಬೇಗ ಕೊಟ್ಟೇ ಕೊಲ್ಲಬಹುದು. ಹಳೇ ಕಾರ್ಬ್ಯುರೇಟರ್ ಎಂಜಿನ್ ಆದ್ರೆ ಇನ್ನೊಂದು ರಗಳೆ: ಗಾಳಿ ಮೊದಲು ನುಗ್ಗಿ ಪೆಟ್ರೋಲ್ ಹಿಂದುಳಿದು, ಬೇಕಾದ ಹೊತ್ತಿಗೇ ಎಂಜಿನ್ ಕೆಮ್ಮಬಹುದು. ಅದಕ್ಕಂತ ಪುಟ್ಟ ಪಂಪ್ ಇಟ್ಟಿರ್ತಾರೆ, ಆದ್ರೂ ಕೈ ಒರಟಾದ್ರೆ ಅದೂ ಸಾಲದೇ ಹೋಗಬಹುದು.

ಚುರುಕಾದ ಎಂಜಿನ್ ಇದೆ ಅಂತ ನಿರ್ಧಾರ ತಡ ಮಾಡೋದು ತಪ್ಪು, ಬೇಗ ನಿರ್ಧರಿಸಿ ನಿಧಾನಕ್ಕೆ ತಳ್ಳಬೇಕು ಅನ್ನೋದು ನನ್ನ ವಾದ. "ಒಂದು, ಎರಡು, ಮೂರು ಅಂತ ಎಣಿಸ್ತಾ ತಳ್ಳೋ, ಬಲಗಾಲೂ ಜೊತೆಗೇ ಹೋಗ್ಲಿ" ಅಂದೆ ಅವನಿಗೆ.

"ನಮ್ಮ ಇನ್‌ಸ್ಟ್ರಕ್ಟರೂ ದಿನಾ ಇದಕ್ಕೇ ಬಯ್ಯೋದು ಮಾವ" ಅಂದ :)