ನಾನು ಬರೆದುಕೊಟ್ಟ ರಾಜಿಪತ್ರ

ತೊಂಬತ್ತರ ದಶಕದಲ್ಲಿ ನಮ್ಮ ಪ್ರೌಢಶಾಲೆಯಲ್ಲಿ ಓದಿದವರಿಗೆಲ್ಲ ಗೇಟಿನ ಪಕ್ಕದ ಹೊಂಗೆಮರದ ಕೆಳಗೆ ಗೋಣಿಚೀಲ ಹಾಸಿಕೊಂಡು ನೆಲ್ಲಿಕಾಯಿ, ಸೀಬೆಹಣ್ಣು, ಹುರಿದ ಕಡಲೆಕಾಯಿ ಮಾರುತ್ತಿದ್ದ ಅಜ್ಜಿಯ ನೆನಪು ಇರಲೇಬೇಕು. ಅವರಿಗೆ ಆಗ ಐವತ್ತೆರಡೋ ಐವತ್ಮೂರೋ ವಯಸ್ಸು. ಆದರೂ ಮಕ್ಕಳ ಬಾಯಲ್ಲಿ ಅಜ್ಜಿಯೇ. ನಾಲ್ಕಾಣೆ ಇಲ್ಲದವರಿಗೂ ಉಪ್ಪುಖಾರ ಸವರಿದ ಅರ್ಧ ಸೀಬೆಕಾಯಿ ಕೊಟ್ಟು, "ನಾಳೆ ತಂದ್ಕೊಡು ಮಗ" ಎನ್ನುತ್ತಿದ್ದರು. ದೂರದ ಊರುಗಳಿಂದ ಫೋನು ಮಾಡುವ ಹಳೆಯ ವಿದ್ಯಾರ್ಥಿಗಳು ಈಗಲೂ ಅಜ್ಜಿಯನ್ನು ವಿಚಾರಿಸುತ್ತಾರೆ. ಅವರು 2005ರಲ್ಲಿ ತೀರಿಕೊಂಡರು ಎಂದಷ್ಟೇ ನಾನು ಹೇಳುತ್ತೇನೆ. 1996ರ ನಂತರ ಅವರು ಗೇಟಿನ ಬಳಿ ಏಕೆ ಕಾಣಿಸಲಿಲ್ಲ ಎಂಬುದನ್ನು ಯಾರಿಗೂ ಪೂರ್ತಿಯಾಗಿ ಹೇಳಿದವನಲ್ಲ. ಇಂದು ಹೇಳುತ್ತಿದ್ದೇನೆ. ಅದರಿಂದ ನಿಮಗೆ ಉಪಯೋಗವಾದೀತು ಎಂಬುದು ಒಂದು ಕಾರಣ. ನನ್ನ ಮನಸ್ಸಿನ ಭಾರ ಇಳಿದೀತು ಎಂಬುದು ಇನ್ನೊಂದು.

ಅಂದು ಸಂತೆಯ ದಿನ. ಅಜ್ಜಿ ತಲೆಯ ಮೇಲೆ ಬುಟ್ಟಿ ಹೊತ್ತು ರಸ್ತೆಯ ಅಂಚಿನಲ್ಲಿ ಶಾಲೆಯ ಕಡೆಗೆ ನಡೆದು ಬರುತ್ತಿದ್ದರು. ತಿರುವಿನಲ್ಲಿ ಬಂದ ಸರಕಿನ ಟೆಂಪೋ ಒಂದು ಹಿಂದಿನಿಂದ ಬಡಿದು ಅವರನ್ನು ಚರಂಡಿಗೆ ತಳ್ಳಿತು. ಬಲಗಾಲಿನ ತೊಡೆಯ ಮೂಳೆ ಮುರಿಯಿತು. ಟೆಂಪೋ ಓಡಿಸುತ್ತಿದ್ದವನು ನನ್ನ ವಿದ್ಯಾರ್ಥಿಯೇ. ಶಾಲೆ ಬಿಟ್ಟು ಮೂರು ವರ್ಷವಾಗಿತ್ತು, ಕೈಯಲ್ಲಿ ಹೊಸ ಲೈಸೆನ್ಸು. ಅವನೇ ಅಳುತ್ತ ಅಜ್ಜಿಯನ್ನು ಎತ್ತಿಕೊಂಡು ಆಸ್ಪತ್ರೆಗೆ ಹೋದ. ಸುದ್ದಿ ತಿಳಿದು ನಾನೂ ಓಡಿದೆ.

ಸಂಜೆ ಟೆಂಪೋ ಮಾಲೀಕರ ಅಂಗಡಿಯ ಜಗಲಿಯ ಮೇಲೆ ಪಂಚಾಯಿತಿ ಸೇರಿತು. ಮಾಲೀಕರು, ಹುಡುಗನ ತಂದೆ, ಅಜ್ಜಿಯ ತಮ್ಮ ಮತ್ತು ಎರಡೂ ಕಡೆಯವರಿಗೆ ಬೇಕಾದ ಮೇಷ್ಟ್ರೆಂದು ನಾನು. "ಪೊಲೀಸರಿಗೆ ಹೋದರೆ ಹುಡುಗನ ಬಾಳು ಹಾಳು" ಎಂದರು ಒಬ್ಬರು. "ಕೋರ್ಟು ಹತ್ತಿದವರು ಉದ್ಧಾರವಾದದ್ದುಂಟೇ?" ಎಂದರು ಮತ್ತೊಬ್ಬರು. ಆ ಮಾತುಗಳು ನನಗೆ ವಿವೇಕದ ಮಾತುಗಳಾಗಿಯೇ ಕಂಡವು. ಆಸ್ಪತ್ರೆಯ ಖರ್ಚು ಮಾಲೀಕರದು, ಅದರ ಮೇಲೆ ನಾಲ್ಕು ಸಾವಿರ ರೂಪಾಯಿ ಅಜ್ಜಿಯ ಕೈಗೆ ಎಂದು ತೀರ್ಮಾನವಾಯಿತು. ರಾಜಿಪತ್ರವನ್ನು ನಾನೇ ದುಂಡಗೆ ಬರೆದೆ. ಮರುದಿನ ಹಾಸಿಗೆಯ ಪಕ್ಕ ಕುಳಿತು ಓದಿ ಹೇಳಿದೆ. "ನೀವು ಹೇಳ್ದಂಗಾಗ್ಲಿ ಮೇಷ್ಟ್ರೇ" ಎಂದು ಅವರು ಹೆಬ್ಬೆಟ್ಟು ಒತ್ತಿದರು. ಆಸ್ಪತ್ರೆಯ ಪುಸ್ತಕದಲ್ಲಿ ಜಾರಿ ಬಿದ್ದದ್ದೆಂದು ಬರೆಸಲಾಗಿತ್ತು. ಅದು ಸುಳ್ಳೆಂದು ನನಗೆ ಗೊತ್ತಿತ್ತು, ಸುಮ್ಮನಿದ್ದೆ.

ಕಾಲು ಕೂಡಿಕೊಂಡಿತು, ಆದರೆ ಗಿಡ್ಡವಾಗಿ. ಬುಟ್ಟಿ ಹೊರುವುದು, ನೆಲದ ಮೇಲೆ ಕುಳಿತೇಳುವುದು ಆಗದಾಯಿತು. ನಾಲ್ಕು ಸಾವಿರ ನಾಲ್ಕು ತಿಂಗಳಿಗೂ ಬರಲಿಲ್ಲ. ಅಜ್ಜಿ ಉಳಿದ ಒಂಬತ್ತು ವರ್ಷಗಳನ್ನು ತಂಗಿಯ ಮಗಳ ಮನೆಯ ಮೂಲೆಯಲ್ಲಿ ಕಳೆದರು. ಹಬ್ಬಕ್ಕೊಮ್ಮೆ ಹೋಗಿ ನೂರು ರೂಪಾಯಿ ಕೊಟ್ಟು ಬರುತ್ತಿದ್ದ ನಾನು ನನ್ನನ್ನು ಕರುಣಾಳುವೆಂದೇ ತಿಳಿದಿದ್ದೆ.

ಕಳೆದ ವರ್ಷ, ಈಗ ವಕೀಲನಾಗಿರುವ ಹಳೆಯ ವಿದ್ಯಾರ್ಥಿಯೊಬ್ಬ ಮಗಳ ಮದುವೆಯ ಕರೆಯೋಲೆ ಹಿಡಿದು ಮನೆಗೆ ಬಂದ. ಮಾತು ಅಜ್ಜಿಯ ಕಡೆಗೆ ಹೊರಳಿತು. ಎರಡು ಕುಟುಂಬಗಳನ್ನು ಕೋರ್ಟಿನ ಮೆಟ್ಟಿಲಿನಿಂದ ಉಳಿಸಿದ ಕಥೆಯನ್ನು ನಾನು ಸ್ವಲ್ಪ ಹೆಮ್ಮೆಯಿಂದಲೇ ಹೇಳಿದೆ. ಅವನು ಕಾಫಿ ಲೋಟ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಸಾರ್, ಬೇಜಾರು ಮಾಡ್ಕೋಬೇಡಿ. ಅವತ್ತು ಒಂದು ದೂರು ಕೊಟ್ಟಿದ್ದರೆ, ಯಾರ ತಪ್ಪು ಅಂತ ಸಾಬೀತು ಮಾಡೋದಕ್ಕೆ ಮೊದಲೇ ಇಪ್ಪತ್ತೈದು ಸಾವಿರ ಬರ್ತಿತ್ತು. ಪೂರ್ತಿ ಪರಿಹಾರ ಆಮೇಲಿನ ಮಾತು" ಎಂದ.

ಅವನು ಹೇಳಿದ್ದು ಸರಿ. 1988ರ ಮೋಟಾರು ವಾಹನ ಕಾಯ್ದೆಯ 140ನೆಯ ಕಲಮಿನ ಪ್ರಕಾರ, ಅಪಘಾತದಿಂದ ಶಾಶ್ವತ ಊನವಾದವರಿಗೆ ತಪ್ಪು ಯಾರದೆಂದು ನೋಡದೆಯೇ 25,000 ರೂಪಾಯಿ ಕೊಡಬೇಕಿತ್ತು. 1994ರ ತಿದ್ದುಪಡಿ ಆ ಮೊತ್ತವನ್ನು ನಿಗದಿ ಮಾಡಿತ್ತು. ಅದೇ ತಿದ್ದುಪಡಿಯು ಪರಿಹಾರದ ಅರ್ಜಿಗಿದ್ದ ಕಾಲಮಿತಿಯನ್ನೂ ತೆಗೆದುಹಾಕಿತ್ತು. ಎಂದರೆ, ಅಜ್ಜಿ ಮೂಲೆ ಹಿಡಿದಿದ್ದ ಆ ಒಂಬತ್ತು ವರ್ಷವೂ ನ್ಯಾಯದ ಬಾಗಿಲಿಗೆ ಅಗಣಿ ಬಿದ್ದಿರಲಿಲ್ಲ. ಬಾಗಿಲು ಇದೆಯೆಂದು ಹೇಳಬೇಕಾಗಿದ್ದ ನಾನು, ನನ್ನ ದುಂಡನೆಯ ಅಕ್ಷರದಿಂದ ಅದನ್ನು ಮುಚ್ಚಿಬಿಟ್ಟಿದ್ದೆ. ಪೊಲೀಸ್ ದಾಖಲೆಯಿಲ್ಲ, ಆಸ್ಪತ್ರೆಯ ದಾಖಲೆ ಸುಳ್ಳು. ಇನ್ನು ಯಾವ ವಕೀಲ ತಾನೇ ಏನು ಮಾಡಿಯಾನು?

ನಾನು ಲೆಕ್ಕದ ಮೇಷ್ಟ್ರು. ಆದ್ದರಿಂದ ಈ ಲೆಕ್ಕವನ್ನು ನಿಮ್ಮ ಮುಂದೆ ಮಾಡಿಯೇ ತೋರಿಸುತ್ತೇನೆ. ದುಡಿಮೆಯ ಶಕ್ತಿ ಕಳೆದುಕೊಂಡವರ ಪರಿಹಾರಕ್ಕೆ ನ್ಯಾಯಾಲಯಗಳು ಒಂದು ಗುಣಕವನ್ನು ಬಳಸುತ್ತವೆ. ಸುಪ್ರೀಂ ಕೋರ್ಟು 2009ರ ತೀರ್ಪೊಂದರಲ್ಲಿ ಅದನ್ನು ವಯಸ್ಸಿಗೆ ತಕ್ಕಂತೆ ಕ್ರಮಪಡಿಸಿತು: 15ರಿಂದ 25 ವರ್ಷದವರಿಗೆ 18; 51ರಿಂದ 55ರವರಿಗೆ 11; 65 ದಾಟಿದವರಿಗೆ 5. ಇಂದು ಅಂಥದೇ ಒಬ್ಬ ಹೆಂಗಸು ತಿಂಗಳಿಗೆ 9,000 ರೂಪಾಯಿ ದುಡಿಯುತ್ತಾರೆ, ಗಾಯದಿಂದ ದುಡಿಯುವ ಶಕ್ತಿಯಲ್ಲಿ ನೂರಕ್ಕೆ ಮೂವತ್ತು ಭಾಗ ಹೋಯಿತು ಎನ್ನಿ. ವರ್ಷದ ಆದಾಯ 1,08,000. ಅದರಲ್ಲಿ ನಷ್ಟವಾದದ್ದು 32,400. ಅದನ್ನು 11ರಿಂದ ಗುಣಿಸಿದರೆ 3,56,400. ಚಿಕಿತ್ಸೆಯ ವೆಚ್ಚ, ನೋವು, ನೋಡಿಕೊಂಡವರ ಖರ್ಚು, ಮುಂದಿನ ಶಸ್ತ್ರಚಿಕಿತ್ಸೆ ಇವೆಲ್ಲ ಬೇರೆ. ಸಂಬಳದ ಚೀಟಿ ಇಲ್ಲದಿದ್ದರೂ ಲೆಕ್ಕ ನಿಲ್ಲುವುದಿಲ್ಲ. ಮನೆಯಲ್ಲಿ ಅಡುಗೆ ಮಾಡಿಕೊಂಡಿರುವ ಗೃಹಿಣಿಯ ದುಡಿಮೆಗೂ ಬೆಲೆ ಕಟ್ಟಲೇಬೇಕೆಂದು ಸುಪ್ರೀಂ ಕೋರ್ಟು 2021ರಲ್ಲಿ ಮತ್ತೊಮ್ಮೆ ಸ್ಪಷ್ಟವಾಗಿ ಹೇಳಿದೆ.

ಈ ಹಣವನ್ನು ಕೊಡುವವರು ಯಾರು? ನನ್ನ ಅಜ್ಞಾನದ ಬೇರು ಇದ್ದದ್ದು ಇಲ್ಲಿಯೇ. ಆ ಬಡ ಹುಡುಗನ ಕಿಸೆಯಿಂದ ಬರಬೇಕೆಂದು ನಾನು ತಿಳಿದಿದ್ದೆ. ಮೂರನೆಯ ವ್ಯಕ್ತಿಗೆ ಆಗುವ ಹಾನಿಗೆ ವಿಮೆ ಮಾಡಿಸದೆ ಯಾವ ವಾಹನವನ್ನೂ ಸಾರ್ವಜನಿಕ ರಸ್ತೆಗೆ ತರುವಂತಿಲ್ಲ ಎಂದು ಕಾಯ್ದೆಯ 146ನೆಯ ಕಲಮು ಹೇಳುತ್ತದೆ. ಪರವಾನಗಿಯಲ್ಲಿ ದೋಷವಿದ್ದ ಎಷ್ಟೋ ಪ್ರಕರಣಗಳಲ್ಲಿಯೂ ಗಾಯಾಳುವಿಗೆ ಮೊದಲು ಹಣ ಕೊಟ್ಟು, ಆಮೇಲೆ ಮಾಲೀಕನಿಂದ ವಸೂಲು ಮಾಡಿಕೊಳ್ಳಿ ಎಂದು ನ್ಯಾಯಾಲಯಗಳು ವಿಮಾ ಕಂಪನಿಗೆ ಆದೇಶಿಸಿವೆ. ನಡೆದು ಹೋಗುವ ಮನುಷ್ಯನೇ ಆ ಮೂರನೆಯ ವ್ಯಕ್ತಿ. ಅವನು ಕಂತು ಕಟ್ಟಿಲ್ಲ, ಪಾಲಿಸಿಯ ಕಾಗದ ನೋಡಿಲ್ಲ. ಆದರೂ ಆ ವಿಮೆ ಇರುವುದೇ ಅವನಿಗಾಗಿ.

ಇದನ್ನು ಬರೆಯುವ ಮೊದಲು ಆ ಹುಡುಗನಿಗೆ ಫೋನು ಮಾಡಿದೆ. ಹುಡುಗನೇನು, ಈಗ ಐವತ್ತು ಸಮೀಪಿಸಿದ ಗೃಹಸ್ಥ. ಎರಡು ಲಾರಿಗಳ ಮಾಲೀಕ. "ಬರೀರಿ ಸಾರ್, ನನ್ನ ಹೆಸರು ಮಾತ್ರ ಬೇಡ" ಎಂದ. ಸ್ವಲ್ಪ ತಡೆದು, "ಅವತ್ತು ಟೆಂಪೋಗೆ ಇನ್ಶೂರೆನ್ಸ್ ಇತ್ತು ಸಾರ್. ಗಾಡಿ ಸ್ಟೇಷನ್ನಲ್ಲಿ ನಿಂತುಬಿಡುತ್ತೆ ಅಂತ ಓನರಿಗೆ ಭಯ, ಅಷ್ಟೆ" ಎಂದ. ಒಂದು ಟೆಂಪೋ ಕೆಲವು ದಿನ ನಿಲ್ಲಬಾರದೆಂದು ಒಂದು ಜೀವ ಒಂಬತ್ತು ವರ್ಷ ಮೂಲೆಯಲ್ಲಿ ನಿಂತಿತು.

ನನ್ನ ಅಭಿಪ್ರಾಯವನ್ನು ಈಗ ನೇರವಾಗಿ ಹೇಳುತ್ತೇನೆ. ರಸ್ತೆಬದಿಯ ರಾಜಿ ದಯೆಯಲ್ಲ; ಅದು ಬಲ್ಲವರೆಲ್ಲ ಕೂಡಿ ಅರಿಯದವರ ಹಕ್ಕನ್ನು ಕಡಿಮೆ ಬೆಲೆಗೆ ಕೊಳ್ಳುವ ವ್ಯಾಪಾರ. ಊರಿನ ಗೌರವಸ್ಥರು, ಅದರಲ್ಲಿಯೂ ಮೇಷ್ಟ್ರುಗಳು, ಅದಕ್ಕೆ ದಲ್ಲಾಳಿಗಳಾಗಬಾರದು.

ಆಕ್ಷೇಪಗಳು ಬರುತ್ತವೆ. ದೂರು ಕೊಟ್ಟರೆ ಚಾಲಕನ ಮೇಲೆ ಕ್ರಿಮಿನಲ್ ಮೊಕದ್ದಮೆಯಾಗುವುದಿಲ್ಲವೇ? ಆಗುತ್ತದೆ. ಆದರೆ ಅಜಾಗರೂಕ ಚಾಲನೆಯಿಂದ ಗಾಯಪಡಿಸಿದ ಅಪರಾಧ ಆಗಲೂ ಜಾಮೀನು ಸಿಗುವಂಥದು, 2024ರ ಜುಲೈನಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿಯೂ ಜಾಮೀನು ಸಿಗುವಂಥದೇ. ಆ ಹುಡುಗನ ಬಾಳು ಹಾಳಾಗುತ್ತಿರಲಿಲ್ಲ. ಹಾಳಾದದ್ದು ಯಾರ ಬಾಳೆಂದು ನೀವೇ ನೋಡಿದಿರಿ.

ನಡೆಯುವವರದೇ ತಪ್ಪಿದ್ದರೆ? ಎಲ್ಲೆಂದರಲ್ಲಿ ದಾಟುತ್ತಾರಲ್ಲ ಎನ್ನುತ್ತೀರಿ. ಅವರ ತಪ್ಪೂ ಸೇರಿದ್ದರೆ ನ್ಯಾಯಮಂಡಳಿ ಅಷ್ಟು ಪಾಲನ್ನು ಪರಿಹಾರದಲ್ಲಿ ಕಳೆಯುತ್ತದೆ, ಹಕ್ಕನ್ನೇ ಕಿತ್ತುಕೊಳ್ಳುವುದಿಲ್ಲ. ಅದಲ್ಲದೆ, ಕಾಲುದಾರಿಯನ್ನೇ ಮಾಡದೆ, ಮಾಡಿದ್ದನ್ನು ಅಂಗಡಿಗೂ ಸ್ಕೂಟರಿಗೂ ಬಿಟ್ಟುಕೊಟ್ಟು, "ನೋಡಿಕೊಂಡು ನಡೆಯಬಾರದೆ?" ಎಂದು ಕೇಳುವುದು ಯಾವ ನ್ಯಾಯ? 2022ರಲ್ಲಿ ಭಾರತದ ರಸ್ತೆಗಳಲ್ಲಿ ಸತ್ತ 1,68,491 ಮಂದಿಯಲ್ಲಿ 32,825 ಮಂದಿ ಪಾದಚಾರಿಗಳು. ಹೆಚ್ಚುಕಡಿಮೆ ಐವರಲ್ಲಿ ಒಬ್ಬರು. ಓಡಾಡಲು ಯೋಗ್ಯವಾದ ಕಾಲುದಾರಿ ಸಂವಿಧಾನದ 21ನೆಯ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದು ಸುಪ್ರೀಂ ಕೋರ್ಟು 2025ರ ಮೇ ತಿಂಗಳಲ್ಲಿ ಹೇಳಬೇಕಾಯಿತು.

ಮೊಕದ್ದಮೆ ವರ್ಷಗಟ್ಟಲೆ ನಡೆಯುತ್ತದೆ ಎಂಬ ಆಕ್ಷೇಪವನ್ನು ಮಾತ್ರ ನಾನು ಒಪ್ಪುತ್ತೇನೆ. ಆದರೆ ಅರ್ಜಿ ಹಾಕಿದ ದಿನದಿಂದ ಬಡ್ಡಿ ಕೊಡಿಸುವ ಅಧಿಕಾರ ನ್ಯಾಯಮಂಡಳಿಗಿದೆ. ರಾಜಿಯೇ ಬೇಕೆಂದರೆ ಅದಕ್ಕೂ ಲೋಕ ಅದಾಲತ್ ಇದೆ. ಅಲ್ಲಿ ಕುಳಿತವರಿಗೆ ಗುಣಕ ಗೊತ್ತಿರುತ್ತದೆ. ಅಂಗಡಿಯ ಜಗಲಿಯ ಮೇಲೆ ಕುಳಿತಿದ್ದ ನಮಗೆ ಗೊತ್ತಿರಲಿಲ್ಲ.

ಇನ್ನು ಈಗಿನ ಕಾನೂನಿನ ಮಾತು. 2019ರಲ್ಲಿ ಕಾಯ್ದೆ ತಿದ್ದುಪಡಿಯಾಯಿತು. ಪರಿಹಾರದ ಹೊಸ ಕಲಮುಗಳು 2022ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ಹಳೆಯ 140ನೆಯ ಕಲಮು ಈಗಿಲ್ಲ. ಅದರ ಬದಲು 164ನೆಯ ಕಲಮಿನಲ್ಲಿ, ತಪ್ಪು ಯಾರದೆಂದು ಸಾಬೀತು ಮಾಡದೆಯೇ, ಮರಣಕ್ಕೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ ರೂಪಾಯಿ ಇದೆ. ಆದರೆ ಎಚ್ಚರ: ವಿಮಾ ಕಂಪನಿಯೊಡನೆ ಇತ್ಯರ್ಥ ಮಾಡಿಕೊಂಡು ಈ ಹಣವನ್ನು ಒಪ್ಪಿದರೆ, 166ನೆಯ ಕಲಮಿನ ದೊಡ್ಡ ಅರ್ಜಿ ಬಿದ್ದುಹೋಗುತ್ತದೆ. ಸಹಿ ಮಾಡುವ ಮೊದಲು ವಕೀಲರನ್ನು ಕೇಳಿ. ಡಿಕ್ಕಿ ಹೊಡೆದು ಓಡಿಹೋದ ವಾಹನ ಪತ್ತೆಯಾಗದಿದ್ದರೂ ಮರಣಕ್ಕೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ ಸಿಗುತ್ತದೆ. ಅದರ ಅರ್ಜಿ ಕಂದಾಯ ಇಲಾಖೆಯ ಅಧಿಕಾರಿಗೆ. 2025ರ ಮೇ ತಿಂಗಳಿನಿಂದ, ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಗಾಯಾಳುವಿಗೆ ಏಳು ದಿನದವರೆಗೆ ಒಂದೂವರೆ ಲಕ್ಷ ರೂಪಾಯಿಯ ಮಿತಿಯಲ್ಲಿ ನಗದಿಲ್ಲದ ಚಿಕಿತ್ಸೆಯ ಯೋಜನೆಯೂ ಇದೆ.

ಆದರೆ ಹಿಂದೆ ತೆಗೆದುಹಾಕಿದ್ದ ಕಾಲಮಿತಿ ಮರಳಿ ಬಂದಿದೆ. ಅಪಘಾತವಾದ ಆರು ತಿಂಗಳೊಳಗೆ ಅರ್ಜಿ ಹಾಕಬೇಕೆಂದು 166ನೆಯ ಕಲಮು ಈಗ ಹೇಳುತ್ತದೆ. ಮೂಳೆ ಕೂಡಿ, ಮನುಷ್ಯ ಎದ್ದು ನಡೆಯುವುದರೊಳಗೆ ಆರು ತಿಂಗಳು ಮುಗಿದಿರುತ್ತದೆ. ಇದು ಅನ್ಯಾಯವೆಂದು ನನ್ನ ಖಚಿತ ಅಭಿಪ್ರಾಯ. ಇದನ್ನು ಪ್ರಶ್ನಿಸಿದ ಅರ್ಜಿಗಳು ಸುಪ್ರೀಂ ಕೋರ್ಟಿನ ಮುಂದೆ ಹೋಗಿವೆ. ಅದನ್ನು ನಂಬಿಕೊಂಡು ಯಾರೂ ಸುಮ್ಮನೆ ಕೂರಬೇಡಿ.

ಆದ್ದರಿಂದ ನನ್ನ ವಿದ್ಯಾರ್ಥಿಗಳಲ್ಲಿ, ಬಂಧುಗಳಲ್ಲಿ ನನ್ನ ವಿನಂತಿ ಇಷ್ಟೆ. ನಿಮ್ಮ ಕಣ್ಣೆದುರು ಯಾರಿಗಾದರೂ ವಾಹನ ಬಡಿದರೆ ಮೊದಲು ಆಸ್ಪತ್ರೆ. ಸಹಾಯ ಮಾಡಿದವರಿಗೆ ತೊಂದರೆ ಕೊಡಬಾರದೆಂದು ಕಾಯ್ದೆಯ 134ಎ ಕಲಮು ರಕ್ಷಣೆ ಕೊಟ್ಟಿದೆ. ಗಾಡಿಯ ನಂಬರು ಬರೆದುಕೊಳ್ಳಿ. ಆಸ್ಪತ್ರೆಯ ಪುಸ್ತಕದಲ್ಲಿ ವಾಹನ ಬಡಿದದ್ದೆಂದೇ ಬರೆಸಿ. ಠಾಣೆಯಲ್ಲಿ ದೂರು ಕೊಟ್ಟು ಎಫ್.ಐ.ಆರ್. ಪ್ರತಿ ಪಡೆಯಿರಿ, ಔಷಧದ ಒಂದು ಚೀಟಿಯನ್ನೂ ಬಿಸಾಡಬೇಡಿ. ಅರ್ಜಿಯನ್ನು ಗಾಯಾಳು ವಾಸಿಸುವ ಊರಿನ ನ್ಯಾಯಮಂಡಳಿಯಲ್ಲಿಯೇ ಹಾಕಬಹುದು. ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು, ಅಂಗವಿಕಲರು ಇವರಿಗೆಲ್ಲ ಕಾನೂನು ಸೇವಾ ಪ್ರಾಧಿಕಾರ ಉಚಿತವಾಗಿ ವಕೀಲರನ್ನು ಕೊಡುತ್ತದೆ. 15100 ಎಂಬ ನಂಬರಿಗೆ ಫೋನು ಮಾಡಿ.

ನಿಮ್ಮಲ್ಲಿ ಲಾರಿ ಓಡಿಸುವವರಿದ್ದೀರಿ, ಪೊಲೀಸರಿದ್ದೀರಿ, ಆಸ್ಪತ್ರೆಯಲ್ಲಿ ಕೆಲಸ ಮಾಡುವವರಿದ್ದೀರಿ. ಆ ಅಜ್ಜಿಯ ನೆಲ್ಲಿಕಾಯಿಯ ಸಾಲ ತೀರಿಸದೆ ಶಾಲೆ ಬಿಟ್ಟವರು ನಿಮ್ಮಲ್ಲಿ ಎಷ್ಟೋ ಮಂದಿ. ಅವರಿಗೆ ತೀರಿಸಲಾಗದ ಸಾಲವನ್ನು ರಸ್ತೆಯಲ್ಲಿ ಬಿದ್ದ ಇನ್ನೊಬ್ಬರಿಗೆ ತೀರಿಸಿ. ನನ್ನ ಸಾಲ ನಿಮ್ಮೆಲ್ಲರಿಗಿಂತ ದೊಡ್ಡದು. ಈ ನಾಲ್ಕು ಮಾತು ಅದರ ಮೊದಲ ಕಂತು ಎಂದು ತಿಳಿಯಿರಿ.